ಅಜ್ಜನ ಮೌನ ಕೆಡಿಸಿದ ಅತ್ತೆ

ನಮ್ಮ ಅತ್ತೆಗೆ ಏಳು ವರ್ಷ ದಾಟಿದ ಮನುಷ್ಯರಲ್ಲಿ ಆಸಕ್ತಿಯೇ ಇರಲಿಲ್ಲ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಸರಿ, ಸ್ವಲ್ಪ ಸಿಟ್ಟು ಇದೆ ಅನ್ನಿ. ಯಾಕೆಂದರೆ ಅವರು ಓದು ಮುಗಿಸಿ, ಪ್ರಾಧ್ಯಾಪಕಿಯಾಗಿ, ಮೂಗಿಗೆ ಕನ್ನಡಕ, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಹಾನಗಲ್ಲಿನ ನಮ್ಮ ಮನೆಗೆ ಬಂದುಹೋಗಲು ಶುರು ಮಾಡಿದ ಹೊತ್ತಿಗೆ ನನಗೆ ಎಂಟು ತುಂಬಿಬಿಟ್ಟಿತ್ತು. ಅಂದರೆ ಅವರ ಲೆಕ್ಕದಲ್ಲಿ ನಾನು ಮುಗಿದ ಕಥೆ! ಮಾತು ಬಂದಾಯಿತು, ಓದು ಬರಹ ಬಂದಾಯಿತು, ಇನ್ನು ಇವಳಲ್ಲಿ ನೋಡುವುದೇನಿದೆ?

ಅತ್ತೆ ಎಂದರೆ ಅಪ್ಪನ ತಂಗಿ. ಶಿಗ್ಗಾವಿಯಲ್ಲಿ ಶಿಕ್ಷಕರಾಗುವವರಿಗೆ ಪಾಠ ಹೇಳುತ್ತಿದ್ದರು. ಜೊತೆಗೆ ಸಂಶೋಧನೆ. ಏನು ಸಂಶೋಧನೆ ಎಂದರೆ, ಸಣ್ಣ ಮಕ್ಕಳಿಗೆ ಮಾತು ಹೇಗೆ ಬರುತ್ತದೆ, ಅಕ್ಷರ ಹೇಗೆ ಬರುತ್ತದೆ, ಎಲ್ಲರ ಹಾಗೆ ಬಾರದ ಮಕ್ಕಳನ್ನು ಶಾಲೆ ಯಾಕೆ ಬಾಗಿಲ ಹೊರಗೆ ನಿಲ್ಲಿಸುತ್ತದೆ ಎಂಬುದು. ಇದನ್ನು ಕೇಳಿ ನಮ್ಮ ಅಜ್ಜನಿಗೆ ಬಡಿದ ಆಘಾತ ಸಣ್ಣದಲ್ಲ. ಅಜ್ಜ ತರ್ಕಶಾಸ್ತ್ರ ಓದಿದ ಪಂಡಿತರು. ತಮ್ಮ ಮಗಳೂ ಶಾಸ್ತ್ರ ಓದಲಿ ಎಂದು ಆಸೆಪಟ್ಟವರು.

"ಮಾತು ತಾನಾಗೇ ಬರ್ತದ," ಅಂದರು ಅಜ್ಜ. "ಅದು ಬರೋದನ್ನ ನೋಡ್ಲಿಕ್ಕೆ ಸರಕಾರ ಪಗಾರ ಕೊಡ್ತದೇನು?"

"ಕೊಡ್ತದ್ರೀ ಅಪ್ಪಾ. ಆದ್ರ ಸ್ವಲ್ಪ ಕಡಿಮಿ ಕೊಡ್ತದ," ಅಂದರು ಅತ್ತೆ.

ಎಪ್ಪತ್ತರ ದಶಕದ ಆ ದಿನಗಳಲ್ಲಿ ಮನೆಗೆ ಬಂದ ಮಗಳು ಮೊದಲು ಕಾಲು ತೊಳೆಯಬೇಕು, ದೇವರಿಗೆ ಕೈಮುಗಿಯಬೇಕು, ಹಿರಿಯರ ಕಾಲಿಗೆ ಬೀಳಬೇಕು, ಆಮೇಲೆ ಅಡುಗೆಮನೆಯಲ್ಲಿ ಮಾಯವಾಗಬೇಕು. ಅತ್ತೆ ಮಾಯವಾಗುತ್ತಿದ್ದದ್ದು ಮಂಚದ ಕೆಳಗೆ! ಯಾಕೆಂದರೆ ಓಣಿಯ ಸಣ್ಣ ಮಕ್ಕಳೆಲ್ಲ ಅಲ್ಲೇ ಆಡುತ್ತಿದ್ದವು. ಗರಿಗರಿ ಇಸ್ತ್ರಿಯ ಸೀರೆ ಉಟ್ಟ ಪ್ರಾಧ್ಯಾಪಕಿ ಮೊಣಕಾಲೂರಿ ಮಂಚದ ಕೆಳಗೆ ಹೋಗುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಒಂದು ಸಲ ಸವಣೂರಿನ ಆಚಾರ್ಯರೊಬ್ಬರು ಅಜ್ಜನನ್ನು ಕಾಣಲು ಬಂದರು. ಮಗಳು ದೊಡ್ಡ ವಿದ್ವಾಂಸಳಾಗಿದ್ದಾಳಂತೆ, ನೋಡಿ ಆಶೀರ್ವಾದ ಮಾಡಬೇಕಿತ್ತು ಎಂದರು. ಅಜ್ಜ ಮುಖ ಬೇರೆ ಕಡೆ ತಿರುಗಿಸಿ ಮಂಚದತ್ತ ಕೈ ತೋರಿಸಿದರು. ಅಲ್ಲಿ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಒಳಗಿನಿಂದ ದನಿ ಬಂತು: "ಸ್ವಲ್ಪ ತಡೀರಿ, ಇಲ್ಲೆ ಗೊಂಬಿ ಮದಿವಿ ನಡದದ. ಅಕ್ಷತಾ ಬೀಳೋದೊಂದು ಉಳದದ." ಆಚಾರ್ಯರು ಸ್ವಲ್ಪ ಹೊತ್ತು ಕಾದರು. ಕೊನೆಗೆ ಆ ಪಾದಗಳ ಕಡೆಗೇ ಕೈ ಎತ್ತಿ ಆಶೀರ್ವಾದ ಮಾಡಿ, ಕೊಟ್ಟ ಹಾಲು ಕುಡಿಯದೆ ಹೋದರು.

ಬಸ್ಸಿನಲ್ಲೂ ಅಷ್ಟೇ. ದುಂಡಸಿಯ ಶಾಲೆಯೊಂದನ್ನು ನೋಡಿಕೊಂಡು ಶಿಗ್ಗಾವಿಗೆ ಬರುವಾಗ ಅತ್ತೆ ಬಸ್ಸಿನ ನೆಲದ ಮೇಲೆ, ಶೇಂಗಾದ ಚೀಲಗಳ ನಡುವೆ ಕುಳಿತುಬಿಟ್ಟರಂತೆ. ಕಂಡಕ್ಟರ್ ಗಾಬರಿಯಾದ.

"ಬಾಯಾರ, ಸೀಟ್ ಖಾಲಿ ಐತ್ರಿ. ಮ್ಯಾಲ ಕುಂಡರ್ರಿ."

"ಬ್ಯಾಡ್ರಿ. ಮ್ಯಾಲ ಬರೇ ದೊಡ್ಡವ್ರು ಕುಂತಾರ."

ಚೀಲಗಳ ಸಂದಿಯಲ್ಲಿ ಎರಡು ಮಕ್ಕಳು ಒಂದು ಭಾರೀ ಚರ್ಚೆ ನಡೆಸಿದ್ದವು. ಈ ಬಸ್ಸು ರಾತ್ರಿ ಎಲ್ಲಿ ಮಲಗುತ್ತದೆ? ಚಾದರ ಹೊದೆಯುತ್ತದೋ ಇಲ್ಲವೋ? ಹೊದ್ದರೆ ಚಾದರ ಎಷ್ಟು ದೊಡ್ಡದಿರಬೇಕು? ಶಿಗ್ಗಾವಿ ಬಂತು, ಶಿಗ್ಗಾವಿ ಹೋಯಿತು. ಅತ್ತೆ ಇಳಿಯಲಿಲ್ಲ. ಕಾಲೇಜಿನಲ್ಲಿ ಇವರ ಪಾಠ ಕೇಳಲು ಒಂದು ತರಗತಿ ತುಂಬ ಜನ ಕಾದು ಕುಳಿತಿದ್ದರೆ ಇವರು ಬಂಕಾಪುರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಸೀರೆಯ ಮೇಲೆ ಶೇಂಗಾದ ಹೊಟ್ಟು ಹೊತ್ತುಕೊಂಡು ಹೋದರು. ಯಾಕೆ ತಡ ಎಂದು ಪ್ರಾಚಾರ್ಯರು ಕೇಳಿದ್ದಕ್ಕೆ, "ಬಸ್ ಎಲ್ಲೆ ಮಲಗ್ತೈತಿ ಅನ್ನೋದು ಇನ್ನೂ ಇತ್ಯರ್ಥ ಆಗಿದ್ದಿಲ್ರಿ ಸರ್," ಎಂದರಂತೆ. ಇಂಥವರಿಗೆ ಕೆಲಸದಲ್ಲಿ ಯಾರಾದರೂ ಬಡ್ತಿ ಕೊಡುತ್ತಾರೆಯೇ? ಕೊಟ್ಟರು! ಅದೂ ಒಂದು ಆಘಾತವೇ.

ಇನ್ನು ಆ ಟೇಪ್ ರೆಕಾರ್ಡರ್ ಸಂಗತಿ. ನಮ್ಮ ಮನೆಯಲ್ಲಿ ಈಗಲೂ ಅದರ ಮಾತು ಬಂದರೆ ಹಿರಿಯರು ತಲೆ ತಗ್ಗಿಸುತ್ತಾರೆ. ಹಿರೇಕೆರೂರಿನ ಕಡೆಯಿಂದ ಅತ್ತೆಯನ್ನು ನೋಡಲು ಗಂಡಿನವರು ಬಂದಿದ್ದರು. ಒಳ್ಳೆಯ ಮನೆತನ, ಗಂಡು ವಕೀಲ. ಉಪ್ಪಿಟ್ಟು, ಶಿರಾ ಬಂತು. ವಾಡಿಕೆಯಂತೆ ಗಂಡಿನ ತಾಯಿ ಕೇಳಿದರು, "ಹಾಡು ಬರ್ತಾವೇನವಾ?"

"ನನಗ ಬರೋದಿಲ್ರಿ," ಅಂದರು ಅತ್ತೆ. "ಆದ್ರ ಬಾಳ ಚೊಲೊ ಹಾಡೊಂದು ಅದ, ಕೇಳಸ್ತೇನಿ."

ನಮಗೆಲ್ಲ ಸಮಾಧಾನವಾಯಿತು. ದೇವರನಾಮ ಇರಬಹುದು ಎಂದುಕೊಂಡೆವು. ಅತ್ತೆ ಒಳಗಿನಿಂದ ಯಂತ್ರ ತಂದು ಗುಂಡಿ ಒತ್ತಿದರು. ಅದು ಮಾಸೂರಿನಲ್ಲಿ ತುಂಬಿಸಿಕೊಂಡು ಬಂದ ಟೇಪು. ಮದಗದ ಕೆರೆಯ ನೀರು ಹಾಯುವ ಗದ್ದೆಗಳಲ್ಲಿ ತಾಯಂದಿರು ನಾಟಿ ಮಾಡುವಾಗ ಅವರ ಮಕ್ಕಳು ಬದುವಿನ ಮೇಲೆ ಮರದ ನೆರಳಲ್ಲಿ ಆಡುತ್ತವಲ್ಲ, ಅಲ್ಲಿ ಕೂತು ಹಿಡಿದದ್ದು. ಮೊದಲು ಒಂದು ಕೂಸು ತಾನೇ ಕಟ್ಟಿದ ಹಾಡನ್ನು ಚೆನ್ನಾಗಿಯೇ ಹಾಡಿತು. ಗಂಡಿನ ತಾಯಿ ತಲೆದೂಗಿದರು. ಅಷ್ಟರಲ್ಲಿ ಇನ್ನೊಂದು ಕೂಸು ಬಂದು ಇದರ ಕೈಯಲ್ಲಿದ್ದ ರೊಟ್ಟಿ ಕಸಿದುಕೊಂಡಿತು. ಹಾಡು ನಿಂತಿತು, ಬೈಗುಳ ಶುರುವಾಯಿತು. ರಾಮ ರಾಮ! ಆ ಬೈಗುಳಗಳನ್ನು ನಾನು ಇಲ್ಲಿ ಬರೆಯಲಾರೆ. ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ. ಕಸಿದುಕೊಂಡವನ ಅಪ್ಪ, ಅಜ್ಜ, ಮುತ್ತಜ್ಜ, ಅವರ ಮನೆಯ ಎಮ್ಮೆ, ಯಾರನ್ನೂ ಆ ಕೂಸು ಬಿಡಲಿಲ್ಲ. ಗಂಡಿನ ತಂದೆ ಬಾಯಿಗೆ ಒಯ್ದ ಉಪ್ಪಿಟ್ಟಿನ ಕೈ ಹಾಗೇ ನಿಂತಿತು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಕಂಬಕ್ಕೆ ಆತುಕೊಂಡರು. ಅತ್ತೆ ಮಾತ್ರ ಕಣ್ಣರಳಿಸಿ ಎಲ್ಲರ ಮುಖ ನೋಡುತ್ತಿದ್ದರು.

"ಕೇಳಿದ್ರ್ಯಾ? ಆ ಕೂಸಿಗೆ ಇನ್ನೂ ಮೂರು ತುಂಬಿಲ್ಲ. ಅಷ್ಟು ಉದ್ದ ಬೈದದ, ಒಂದು ತಪ್ಪಿಲ್ಲ ನೋಡ್ರಿ."

ಗಂಡಿನವರು ಎಲೆ ಅಡಿಕೆಯನ್ನೂ ಮುಟ್ಟಲಿಲ್ಲ. ಟಾಂಗಾ ಹತ್ತುವ ಮುಂಚೆ ಗಂಡಿನ ತಾಯಿ ನಮ್ಮ ಅಜ್ಜಿಯ ಕಿವಿಯಲ್ಲಿ, "ಹುಡಿಗಿ ಒಪ್ಪಿಗಿ ಆದ್ಲು. ಆದ್ರ ಆ ಮಷೀನ್ ನಮ್ಮ ಮನಿಗೆ ಬ್ಯಾಡ," ಅಂದರು. ಅತ್ತೆಗೆ ಈ ಸಂದೇಶ ಮುಟ್ಟಿಸಿದಾಗ ಅವರು ಬಹಳ ಯೋಚಿಸಿ ಮಷೀನನ್ನೇ ಇಟ್ಟುಕೊಂಡರು.

ಸವಣೂರಿನಲ್ಲಿ ಆದದ್ದನ್ನು ಹೇಳದಿದ್ದರೆ ಅತ್ತೆಯ ಕೆಲಸ ಏನು ಎಂಬುದೇ ನಿಮಗೆ ತಿಳಿಯಲಿಕ್ಕಿಲ್ಲ. ಅಲ್ಲಿಯ ಶಾಲೆಯೊಂದರ ಒಂದನೆಯ ಇಯತ್ತೆಯಲ್ಲಿ ಹಿಂದಿನ ಗೋಡೆಗೆ ಅಂಟಿಕೊಂಡು ಒಂದು ಮಗು ಕೂಡುತ್ತಿತ್ತು. ಮಾಸ್ತರರ ಪ್ರಕಾರ ಅದು ದಡ್ಡ, ಬಾಯೇ ಬಿಡುವುದಿಲ್ಲ. ಅತ್ತೆ ಹೋಗಿ ಅದರ ಪಕ್ಕ ನೆಲದ ಮೇಲೆ ಕೂತರು. ಮನೆಯಲ್ಲಿ ಉರ್ದು ಆಡುವ ಮಗು. ಅತ್ತೆಯ ಉರ್ದು ಎಷ್ಟು ಕೆಟ್ಟದಾಗಿತ್ತೆಂದರೆ ಅದನ್ನು ಕೇಳಿ ಆ ಮಗುವಿಗೆ ತಡೆದುಕೊಳ್ಳಲಾಗಲಿಲ್ಲ. ತಿದ್ದಲು ಬಾಯಿ ತೆರೆಯಿತು. ತೆರೆದದ್ದು ಮುಚ್ಚಲೇ ಇಲ್ಲ. ತನ್ನ ತಂದೆಯ ಎಲೆತೋಟ, ಬಳ್ಳಿ ಕಟ್ಟುವುದು ಹೇಗೆ, ಎಲೆ ಎಣಿಸುವುದು ಹೇಗೆ, ಎಲ್ಲ ಹೇಳಿತು. ಮಾಸ್ತರರು ಕೈಯಲ್ಲಿದ್ದ ಸುಣ್ಣದ ಕಡ್ಡಿ ಕೆಳಗೆ ಬಿಟ್ಟರು.

"ಅಲ್ರೀ ಬಾಯಾರ, ಇದಕ್ಕ ಬಾಯಿ ಐತೇನ್ರಿ?"

"ಬಾಯಿ ಮದಲ ಐತ್ರಿ ಮಾಸ್ತರ. ನಿಮ್ಮ ಸಾಲ್ಯಾಗ ಅದಕ್ಕ ಜಾಗಾ ಇದ್ದಿಲ್ಲ ಅಷ್ಟ."

ಹೀಗೆ ಊರೂರು ತಿರುಗಿ ಮಕ್ಕಳ ಬಾಯಿ ಬಿಡಿಸುತ್ತಿದ್ದ ಅತ್ತೆಗೆ ತವರುಮನೆಯಲ್ಲೇ ಒಂದು ಕಷ್ಟ ಕಾದಿತ್ತು. ನನ್ನ ತಂಗಿ ವೈಜಯಂತಿ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಆದ್ದರಿಂದ ಮಾತೂ ಇರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ನೋಡಿ ಕೈಚೆಲ್ಲಿದ್ದರು. ಹರಕೆಗಳಾಗಿದ್ದವು. ಮಾತು ಬರಲಿ ಎಂದು ಅಜ್ಜಿ ದಿನಾ ಬೆಳಿಗ್ಗೆ ಬಜೆಯ ಬೇರನ್ನು ಜೇನಿನಲ್ಲಿ ತೇದು ನಾಲಿಗೆಗೆ ತಿಕ್ಕುತ್ತಿದ್ದರು. ಪಾಪದ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಾಲಿಗೆ ಚಾಚುತ್ತಿದ್ದಳು. ಏಳು ನಡೆಯುತ್ತಿತ್ತು, ಇನ್ನೂ ಅಕ್ಷರಾಭ್ಯಾಸ ಆಗಿರಲಿಲ್ಲ. ನಮ್ಮ ಮನೆಯಲ್ಲಿ ವಿಜಯದಶಮಿಯ ದಿನ ಅಜ್ಜ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು, ತಾಟಿನ ಅಕ್ಕಿಯಲ್ಲಿ ಅದರ ಬೆರಳು ಹಿಡಿದು ಶ್ರೀಕಾರ ಬರೆಸುತ್ತಿದ್ದರು. ಮಗು ಅದನ್ನು ಬಾಯಿಂದ ಹೇಳಬೇಕು. ಹೇಳಿದ ಮೇಲೆ ಶಾಲೆ. ವೈಜಯಂತಿಯದು ಪ್ರತಿ ದಸರೆಗೂ ಮುಂದಿನ ದಸರೆಗೆ ಹೋಗುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಸಲ ಅತ್ತೆ ನವರಾತ್ರಿಗೆ ರಜೆ ಹಾಕಿ ಬಂದವರು ಮಂಚದ ಕೆಳಗೆ ಹೋಗಲಿಲ್ಲ. ನೇರ ಶಾಲೆಯ ಹೆಡ್ ಮಾಸ್ತರರ ಬಳಿ ಹೋದರು. ವೈಜಯಂತಿಯನ್ನು ಸೇರಿಸಿಕೊಳ್ಳಿ, ಹೇಗೆ ಕಲಿಸಬೇಕು ನಾನು ಬಂದು ತೋರಿಸುತ್ತೇನೆ ಎಂದರು. ಹೆಡ್ ಮಾಸ್ತರರು ಒಳ್ಳೆಯವರೇ. ಆದರೆ ಅವರು ಅಜ್ಜನ ಬಳಿ ಸಂಸ್ಕೃತ ಕಲಿತವರು.

"ನಿಮ್ಮ ತಂದಿಯವರೇ ಅಕ್ಷರಾಭ್ಯಾಸ ಮಾಡಿಸಿಲ್ಲ ಅಂದ್ಮ್ಯಾಲ ನಾ ಹೆಂಗ ಹೆಸರು ಹಚ್ಚಿಕೊಳ್ಳಲಿ? ಅವರು ದಶಮಿಗೆ ಬೆರಳು ಹಿಡದು ಬರಸಲಿ, ಮರುದಿನ ನೀವು ಕರಕೊಂಡು ಬರ್ರಿ. ನಾ ಇಲ್ಲ ಅನ್ನೂದಿಲ್ಲ."

ಹೀಗಾಗಿ ನನ್ನ ತಂಗಿಯ ಶಾಲೆ ಅಜ್ಜನ ಒಂದು ಬೆರಳಿನ ಮೇಲೆ ನಿಂತಿತು. ಸಂಜೆ ಅಜ್ಜ ತೂಗುಮಂಚದ ಮೇಲೆ ಕೂತಾಗ ಅತ್ತೆ ಕೇಳಿದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಆಗೂದಿಲ್ಲ," ಅಂದರು ಅಜ್ಜ. "ನನಗ ಆಕಿ ಮ್ಯಾಲ ಪ್ರೀತಿ ಇಲ್ಲಂತಲ್ಲ. ಅಕ್ಷರಕ್ಕ ಆಧಾರ ಮಾತು. ಮಾತ ಇಲ್ಲದಾಕಿಗೆ ಅಕ್ಷರ ಬರಸಿದ್ರ ಅದು ಬರೇ ಗೆರಿ. ಶಾಸ್ತ್ರದ ಜೋಡಿ ಆಟ ಆಡಬಾರದು. ಮದಲ ಮಾತು ಬರಲಿ."

"ಆಕಿಗೆ ಮಾತಿಲ್ಲ ಅಂತ ಯಾರು ಹೇಳಿದ್ರು?"

"ಊರಿಗೆಲ್ಲ ಗೊತ್ತದ," ಅಂದರು ಅಜ್ಜ. ಅವ್ವ ಒಳಗೆ ಹೋಗಿಬಿಟ್ಟಳು.

ಇಲ್ಲಿ ನಮ್ಮ ಅಜ್ಜನ ಊಟದ ಬಗ್ಗೆ ಹೇಳಬೇಕು. ಅವರು ಊಟದಲ್ಲಿ ಮೌನ ಹಿಡಿಯುತ್ತಿದ್ದರು. ಕೈಯಲ್ಲಿ ನೀರು ಹಾಕಿಕೊಂಡು ಮಂತ್ರ ಹೇಳಿ ಮೊದಲ ತುತ್ತು ಬಾಯಿಗಿಟ್ಟರೆಂದರೆ ಮುಗಿಯುವವರೆಗೆ ಒಂದು ಮಾತಿಲ್ಲ. ತಪ್ಪಿ ಮಾತಾಡಿದರೆ ಎಲೆ ಬಿಟ್ಟು ಏಳಬೇಕು, ಆ ದಿನ ಅಷ್ಟೇ ಊಟ. ಹರೆಯದಲ್ಲಿ ಹಿಡಿದ ವ್ರತ ಒಮ್ಮೆಯೂ ಕೆಟ್ಟಿಲ್ಲ ಎಂಬುದು ಸುತ್ತಲಿನ ಊರಿಗೆಲ್ಲ ಗೊತ್ತು. ರಟ್ಟೀಹಳ್ಳಿಯ ಬೀಗರು ಇದನ್ನು ನೋಡಲೆಂದೇ ಊಟಕ್ಕೆ ಬರುತ್ತಿದ್ದರು! ಹಾಗಾದರೆ ಏನಾದರೂ ಬೇಕಾದರೆ? ಕೈಸನ್ನೆ. ಬೆರಳ ತುದಿ ಕೂಡಿಸಿದರೆ ಉಪ್ಪು, ಹೆಬ್ಬೆರಳು ತಿರುವಿದರೆ ತುಪ್ಪ, ಅಂಗೈ ಬೋಗುಣಿ ಮಾಡಿದರೆ ಮಜ್ಜಿಗೆ. ಇಷ್ಟಾದರೆ ಯಾರಿಗಾದರೂ ತಿಳಿದೀತು. ಸಾರಿನ ತಿಳಿ ಬೇಡ, ತಳದ ಬೇಳೆ ಹಾಕು, ಆದರೆ ನಿನ್ನೆಯಷ್ಟು ಬೇಡ ಎಂಬುದಕ್ಕೂ ಅವರಲ್ಲಿ ಸನ್ನೆ ಇತ್ತು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ತುಪ್ಪ ಕೇಳಿದರೆ ಉಪ್ಪು ಬಡಿಸಿ ಅತ್ತಿದ್ದಳಂತೆ. ನನಗಂತೂ ಒಂದೂ ತಿಳಿಯುತ್ತಿರಲಿಲ್ಲ.

ಎಲ್ಲ ತಿಳಿಯುತ್ತಿದ್ದದ್ದು ಒಬ್ಬಳಿಗೆ. ವೈಜಯಂತಿ ಪುಟ್ಟ ಮಡಿ ಸೀರೆ ಸುತ್ತಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಅಜ್ಜನ ಕೈ ಎದ್ದ ಕೂಡಲೇ ಒಳಗೆ ಓಡಿ ಅವ್ವನ ಸೆರಗು ಎಳೆದು ತೋರಿಸುತ್ತಿದ್ದಳು. ಬೇಕಾದ್ದು ಬರುತ್ತಿತ್ತು. ವರ್ಷಗಟ್ಟಲೆ ಹೀಗೆ ನಡೆದಿತ್ತು. ನಮಗೆ ಅದೊಂದು ವಿಷಯ ಅಂತಲೇ ಅನಿಸಿರಲಿಲ್ಲ.

ಅಜ್ಜ "ಆಗೂದಿಲ್ಲ" ಎಂದ ಮರುದಿನದ ಮಧ್ಯಾಹ್ನ. ಅತ್ತೆ ಮಡಿ ಉಟ್ಟಿರಲಿಲ್ಲ, ಆದ್ದರಿಂದ ಪಡಸಾಲೆಯಲ್ಲಿ ನನ್ನ ಪಕ್ಕ ಕೂತು ಒಳಗೆ ನೋಡುತ್ತಿದ್ದರು. ಅಜ್ಜ ಕೈ ಎತ್ತಿ ಏನೋ ಸನ್ನೆ ಮಾಡಿದರು. ಹಳೆಯ ನಿಂಬೆ ಉಪ್ಪಿನಕಾಯಿ ಎಂದು ಆಮೇಲೆ ತಿಳಿಯಿತು. ವೈಜಯಂತಿ ಓಡಲಿಲ್ಲ. ಎರಡೂ ಕೈಯಲ್ಲಿ ಭರಣಿಯೊಂದನ್ನು ಬೋರಲು ಹಾಕಿ ಅಲ್ಲಾಡಿಸಿ ತೋರಿಸಿದಳು. ಖಾಲಿ! ಅಜ್ಜ ಹುಬ್ಬೇರಿಸಿದರು, ಹೇಗೆ ಖಾಲಿಯಾಯಿತು ಎಂದು. ಅವಳು ಒಮ್ಮೆ ಪಡಸಾಲೆಯ ಕಡೆ ಕಳ್ಳನೋಟ ನೋಡಿದಳು. ಆಮೇಲೆ ಮೂಗಿನ ಮೇಲೆ ಇಲ್ಲದ ಕನ್ನಡಕ ಏರಿಸಿಕೊಂಡಳು. ಹೆಗಲ ಮೇಲಿನ ಇಲ್ಲದ ಚೀಲ ಸರಿಮಾಡಿಕೊಂಡಳು. ಕಳ್ಳಹೆಜ್ಜೆ ಇಟ್ಟು ಭರಣಿಗೆ ಕೈ ಹಾಕಿ, ಬೆರಳು ಚೀಪಿ, ಚೀಪುತ್ತಲೇ ಬಾಯಿ ಪಟಪಟ ಆಡಿಸಿದಳು. ಅತ್ತೆ! ಸಾಕ್ಷಾತ್ ಅತ್ತೆಯೇ ಅಲ್ಲಿ ನಿಂತು ಉಪ್ಪಿನಕಾಯಿ ಕದ್ದು ತಿನ್ನುತ್ತ ಮಾತಾಡುತ್ತಿದ್ದರು!

ಅಜ್ಜನ ಹೊಟ್ಟೆ ಕುಲುಕಿತು. ತುಟಿ ಬಿಗಿಹಿಡಿದರು. ಆಗಲಿಲ್ಲ. ನಗು ಸಿಡಿದು, "ಖರೆ ಅದ!" ಎಂಬ ಮಾತು ಅದರ ಜೊತೆ ಹೊರಬಿತ್ತು.

ಅಜ್ಜನ ಮೌನ ಮುರಿದಿತ್ತು! ಅವ್ವನ ಕೈಯಿಂದ ಸೌಟು ಜಾರಿತು. ಅಜ್ಜಿ ಯಾವುದಕ್ಕೆ ಆಘಾತಪಡಬೇಕು ಎಂದು ತಿಳಿಯದೆ ನಿಂತರು. ಗಂಡನ ವ್ರತ ಕೆಟ್ಟದ್ದಕ್ಕೋ, ಮಗಳು ಬಸ್ಸಿನ ಮೈಲಿಗೆ ಸೀರೆಯಲ್ಲೇ ಮಡಿಯ ಭರಣಿ ಮುಟ್ಟಿದ್ದಕ್ಕೋ? ಅಜ್ಜ ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದರು. ಕೈ ತೊಳೆದು ಬರುವಾಗ ಅತ್ತೆ ದಾರಿಗೆ ಅಡ್ಡ ನಿಂತಿದ್ದರು. ಕಳ್ಳತನ ಬಯಲಾದದ್ದರ ನಾಚಿಕೆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

"ಏನು ಖರೆ ಅದ, ಅಪ್ಪಾ?"

"ಏನಿಲ್ಲ, ದಾರಿ ಬಿಡು."

"ನೀವ ಅಂದ್ರಿ, ಖರೆ ಅದ ಅಂತ. ಆಕಿ ಏನೂ ಹೇಳೇ ಇಲ್ಲಂದ್ರ ಖರೆ ಇದ್ದದ್ದು ಯಾವುದು? ತರ್ಕಶಾಸ್ತ್ರ ಓದಿದವ್ರು ನೀವು. ನೀವ ಹೇಳ್ರಿ."

ಅಜ್ಜ ಕೈ ಒರೆಸಿಕೊಂಡು ಪಕ್ಕದಿಂದ ದಾಟಲು ನೋಡಿದರು. ಅಲ್ಲಿಗೆ ಬಿಡಬಾರದೇ? ನಮ್ಮ ಅತ್ತೆ ಬಿಡುವ ಪೈಕಿಯೇ ಅಲ್ಲ.

"ಆಕಿ ಹೇಳ್ಯಾಳ ಅಂದ್ರ ಕೈಯೂ ಮಾತಾಡ್ತದ ಅಂತಾತು. ಕೈ ಮಾತಾಡ್ತದ ಅಂದ್ರ ನೀವೂ ದಿನಾ ಊಟದಾಗ ಮಾತಾಡೀರಿ. ಹಂಗಾದ್ರ ಇಷ್ಟು ವರ್ಷದ ನಿಮ್ಮ ಮೌನ..."

"ಬಾಯಿ ಮುಚ್ಚು," ಎಂದು ಅಜ್ಜಿ ಕೂಗಿದರು. ಅಜ್ಜಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಬ್ಬ ಮಗಳು ತಂದೆಗೆ ಹೀಗೆ ಹೇಳಬಹುದೇ? ಜೀವಮಾನದ ವ್ರತವನ್ನು ಹಿಡಿದು ಒಂದು ವಾದಕ್ಕೆ ಕಟ್ಟಬಹುದೇ? ನನಗೆ ಅತ್ತೆಯನ್ನು ನೋಡಿದರೆ ಭಯವಾಯಿತು. ಅಜ್ಜ ಹೋಗಿ ತೂಗುಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮರುದಿನ ಅವರು ಉತ್ತರ ಕೊಟ್ಟರು. ಊಟಕ್ಕೆ ಕೂತು, ಎಡಗೈ ತೊಡೆಯ ಮೇಲೆ ಬಿಗಿಯಾಗಿ ಇಟ್ಟುಕೊಂಡು, ಕಣ್ಣು ಎಲೆಯಿಂದ ಎತ್ತದೆ ಉಂಡರು. ಸನ್ನೆಯೇ ಇಲ್ಲ! ಇನ್ನು ಮೇಲೆ ನಿಜವಾದ ಮೌನ. ಬಡಿಸಿದ್ದು ಉಂಡರು, ಬಡಿಸದ್ದು ಬಿಟ್ಟರು. ಉಪ್ಪಿಲ್ಲದ ಪಲ್ಯ ಉಂಡರು. ತುಪ್ಪವಿಲ್ಲದ ಅನ್ನ ಉಂಡರು. ವೈಜಯಂತಿ ಹೊಸ್ತಿಲಲ್ಲಿ ನಿಂತು ಕಾದಳು. ತಾನೇ ಬೆರಳು ಕೂಡಿಸಿ ತೋರಿಸಿದಳು, ಉಪ್ಪು? ಅಜ್ಜ ನೋಡಲಿಲ್ಲ. ಹೆಬ್ಬೆರಳು ತಿರುವಿದಳು, ತುಪ್ಪ? ನೋಡಲಿಲ್ಲ. ಇನ್ನೂ ಹತ್ತಿರ ಹೋಗಿ ಬಗ್ಗಿ ಅವರ ಮುಖದ ಕೆಳಗೆ ಕೈ ತಂದು ತೋರಿಸಿದಳು. ಅಜ್ಜ ಕಣ್ಣು ಮುಚ್ಚಿದರು. ಆಮೇಲೆ ಅವಳು ತಾನು ಏನು ತಪ್ಪು ಮಾಡಿದೆ ಎಂದು ನಮ್ಮೆಲ್ಲರ ಮುಖ ನೋಡುತ್ತ ಬಂದಳು. ಯಾರಿಗೆ ಹೇಳಲು ಬರುತ್ತಿತ್ತು?

ಅದರ ಮರುದಿನವೂ ಹಾಗೇ. ಅಂದು ಮಧ್ಯಾಹ್ನ ಅವಳು ಹಿತ್ತಲಿಗೆ ಹೋಗಿ, ಕೈ ಎರಡೂ ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಕರೆಯಲು ಹೋದರೆ ಕಣ್ಣು ಮುಚ್ಚುತ್ತಿದ್ದಳು, ಅಜ್ಜ ಮುಚ್ಚಿದ ಹಾಗೆಯೇ. ಅತ್ತೆ ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತರು, ಅವರಿಗೆ ಗೊತ್ತಿದ್ದ ವಿದ್ಯೆಯೆಲ್ಲ ಮಾಡಿದರು. ವೈಜಯಂತಿ ಕೈ ಹೊರಗೆ ತೆಗೆಯಲಿಲ್ಲ. ಆಗ ಅವ್ವ ಬಂದಳು. ನನ್ನ ಅವ್ವ ನಾದಿನಿಗೆ ಎದುರು ಮಾತಾಡಿದವಳಲ್ಲ.

"ವಾದದಾಗ ನೀವು ಗೆದ್ರಿ," ಅಂದಳು. "ನನ್ನ ಮಗಳ ಜೋಡಿ ಮನಸ್ಸಿಟ್ಟು ಮಾತಾಡಾವ್ರು ಈ ಮನ್ಯಾಗ ಅವರೊಬ್ಬರ ಇದ್ರು. ಅದೂ ಹೋತು. ಈಗ ಆಕಿ ಖರೇನ ಮೂಕಿ ಆದ್ಲು."

ಅತ್ತೆಯ ಮುಖ ಬಿಳಿಚಿತು. ಎಲ್ಲರಿಗೂ ಆಘಾತ ಕೊಡುತ್ತ ಬಂದವರು ತಾವೇ ಆಘಾತಪಟ್ಟದ್ದನ್ನು ನಾನು ನೋಡಿದ್ದು ಆಗ. "ಹೌದು ವೈನಿ," ಅಂದರು, ಅಷ್ಟೇ.

ಮಹಾನವಮಿಯ ಊಟ. ಹಬ್ಬದ ಅಡುಗೆ, ಹೋಳಿಗೆ. ಯಾರ ಮುಖದಲ್ಲೂ ಹಬ್ಬ ಇಲ್ಲ. ಹೊಸ್ತಿಲಲ್ಲಿ ವೈಜಯಂತಿ ಇರಲಿಲ್ಲ. ಅಜ್ಜ ಕೈಯಲ್ಲಿ ನೀರು ಹಾಕಿಕೊಂಡು ಮಂತ್ರ ಹೇಳಿ ಮೊದಲ ತುತ್ತು ತೆಗೆದುಕೊಂಡರು. ಎರಡನೆಯದು ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತು ಹೊಸ್ತಿಲನ್ನು ನೋಡುತ್ತ ಕೂತರು. ಆಮೇಲೆ ಎಲೆಯ ಮುಂದೆಯೇ, ತುಂಬು ದನಿಯಲ್ಲಿ ಮಾತಾಡಿದರು.

"ಎಲ್ಲಿ ಆಕಿ?"

ಅಜ್ಜಿ, "ಮೌನರೀ..." ಎಂದರು.

"ಎಲ್ಲೀ ಮೌನ?" ಅಂದರು ಅಜ್ಜ. "ಇಷ್ಟು ವರ್ಷ ನಾ ಮಾತಾಡಿಕೋತನ ಉಂಡೇನಿ. ಈ ಎರಡು ದಿವಸ ಖರೇನ ಮೌನ ಹಿಡದು ನೋಡಿದೆ. ಗಂಟಲದಾಗ ಅನ್ನ ಇಳೀಲಿಲ್ಲ. ವ್ರತ ಕೆಟ್ಟದಂದ್ರ ಕೆಡಲಿ. ನನ್ನ ಮಮ್ಮಗಳನ್ನ ಕರೀರಿ."

ಅವ್ವ ಹಿತ್ತಲಿನಿಂದ ಅವಳನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದಳು. ವೈಜಯಂತಿ ತಲೆ ತಗ್ಗಿಸಿ ನಿಂತಳು. ಅಜ್ಜ ಕೈ ಎತ್ತಿ ಬೆರಳ ತುದಿ ಕೂಡಿಸಿದರು. ಅವಳು ನೋಡಿಯೂ ನೋಡದಂತೆ ನಿಂತಳು. ಅಜ್ಜ ಮತ್ತೆ ಕೂಡಿಸಿದರು. ಇನ್ನೊಂದು ಕೈಯಿಂದ ತಮ್ಮ ಕಿವಿಯನ್ನು ತಾವೇ ಹಿಡಿದುಕೊಂಡರು, ತಪ್ಪಾಯಿತು ಎಂದು. ಅಷ್ಟು ದೊಡ್ಡ ಪಂಡಿತರು! ವೈಜಯಂತಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಓಡಿದ ರಭಸಕ್ಕೆ ಉಪ್ಪಿನ ಬಟ್ಟಲು ಅರ್ಧ ಚೆಲ್ಲಿತು.

ದಶಮಿಯ ಬೆಳಿಗ್ಗೆ ಅಜ್ಜ ತಾವೇ ತಾಟಿನಲ್ಲಿ ಅಕ್ಕಿ ಹರವಿದರು. ವೈಜಯಂತಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಅವಳ ತೋರುಬೆರಳು ಹಿಡಿದು, ಅಕ್ಕಿಯಲ್ಲಿ ನಿಧಾನ ಶ್ರೀಕಾರ ಬರೆಸಿದರು. ಹೇಳು ಎನ್ನಲಿಲ್ಲ. ಬರೆದದ್ದನ್ನು ತೋರಿಸಿ, ಗೂಡಿನಲ್ಲಿದ್ದ ದೇವರ ಕಡೆ ಕೈ ಮಾಡಿ, ಎರಡೂ ಕೈ ಜೋಡಿಸಿದರು. ಅವಳೂ ಜೋಡಿಸಿದಳು. ಶಾಸ್ತ್ರ ಮುಗಿಯಿತು ಎಂದು ನಾವು ಏಳುವುದರಲ್ಲಿದ್ದೆವು.

ಅವಳಿಗೆ ಮುಗಿದಿರಲಿಲ್ಲ. ಅಂಗೈಯಿಂದ ಅಕ್ಕಿಯನ್ನು ಸಮ ಮಾಡಿದಳು. ಅಜ್ಜನ ತೋರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಅಕ್ಕಿಯ ಮೇಲೆ ಊರಿ, ಎಳೆಯತೊಡಗಿದಳು. ಅಜ್ಜ ಬೆರಳು ಸಡಿಲ ಬಿಟ್ಟು ಅವಳು ಒಯ್ದ ಕಡೆ ಹೋದರು. ಮೂಡಿದ್ದು ಸೊಟ್ಟ ಶ್ರೀ. ಅವಳು ನೋಡಿ, ಸರಿಯಾಗಿಲ್ಲ ಎಂದು ಅಜ್ಜನಿಗೆ ತಲೆ ಅಲ್ಲಾಡಿಸಿ, ಅಳಿಸಿ, ಮತ್ತೆ ಬೆರಳು ಹಿಡಿದಳು.

"ನೋಡಿದ್ರ್ಯಾ ವೈನಿ," ಎಂದು ಅತ್ತೆ ಶುರು ಮಾಡಿದರು. "ಮಕ್ಕಳು ಕಲತದ್ದನ್ನ ಮದಲು ಇನ್ನೊಬ್ರಿಗೆ..."

ಅಜ್ಜ ತಿರುಗಿ ನೋಡದೆ ಇನ್ನೊಂದು ಕೈ ಮೇಲೆತ್ತಿದರು.

"ಸ್ವಲ್ಪ ಸುಮ್ಮನಿರವಾ," ಅಂದರು. "ಆಕಿ ಮಾತಾಡ್ಲಿಕತ್ತಾಳ."

ಅತ್ತೆ ಸುಮ್ಮನಾದರು. ನಾನು ಅವರ ಮುಖ ನೋಡಿದೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದರು.